ಟ್ಯಾಂಕರ್ ಮಗುಚಿದರೆ, ಯಾರದ್ದೂ ಅಲ್ಲದ ಚೀಲ ಕಂಡರೆ: ಮೊದಲ ಹತ್ತು ನಿಮಿಷ

ನಮ್ಮ ಮನೆಯಿಂದ ಹೆದ್ದಾರಿಗೆ ಇನ್ನೂರು ಹೆಜ್ಜೆ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಹೋಗುವ, ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರ್‌ಗಳು ಹಗಲೂ ರಾತ್ರಿ ಇದೇ ದಾರಿ ಹಿಡಿಯುತ್ತವೆ. ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಅಂಥದ್ದೊಂದು ಟ್ಯಾಂಕರ್ ನಮ್ಮ ತಿರುವಿನಲ್ಲಿ ಚರಂಡಿಗೆ ವಾಲಿ ನಿಂತಿತು. ಐದು ನಿಮಿಷದಲ್ಲಿ ಅಲ್ಲಿ ನಲವತ್ತು ಜನ. ಒಬ್ಬರು ವಿಡಿಯೊ ಮಾಡುತ್ತಿದ್ದರು. ಇನ್ನೊಬ್ಬರು ಬೀಡಿ ಹಚ್ಚಿದ್ದರು. ನಾನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ‘ನೋಡು, ಲಾರಿ ಬಿದ್ದಿದೆ’ ಅಂತ ತೋರಿಸುತ್ತಿದ್ದೆ. ಚಾಲಕ ಮಾತ್ರ ಕ್ಯಾಬಿನ್‌ನಿಂದ ಹಾರಿದವನೇ ನಮ್ಮ ಕಡೆ ಕೈ ಬೀಸುತ್ತಾ ‘ಪೋಂಗೊ, ಪೋಂಗೊ’ (ಹೋಗಿ, ಹೋಗಿ) ಅಂತ ಕೂಗುತ್ತಿದ್ದ. ನಾವು ಯಾರೂ ಕದಲಲಿಲ್ಲ. ಅವತ್ತು ಗ್ಯಾಸ್ ಸೋರಲಿಲ್ಲ. ಸೋರಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಆ ನಾಚಿಕೆಯಿಂದಲೇ ನಾನು ಈ ವಿಷಯ ಕಲಿಯಲು ಹೊರಟದ್ದು. ಗ್ಯಾಸ್ ಟ್ಯಾಂಕರ್ ಇರಲಿ, ಕಾರ್ಖಾನೆಯಿಂದ ಸೋರಿದ ವಿಷಾನಿಲ ಇರಲಿ, ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟುಹೋದ ಚೀಲ ಇರಲಿ, ಅಗ್ನಿಶಾಮಕ ದಳವೋ ಪೊಲೀಸರೋ ಬರುವ ತನಕ ಅಲ್ಲಿರುವುದು ನೀವು, ನಾನು, ಪಕ್ಕದ ಗೂಡಂಗಡಿಯವರು. ಆ ಹತ್ತು ನಿಮಿಷಕ್ಕೆ ಬೇಕಾದಷ್ಟನ್ನು ಇಲ್ಲಿ ಹೇಳುತ್ತೇನೆ. ಮೊದಲು ದೂರ ಹೋಗಬೇಕು, ಆಮೇಲೆ ಫೋನ್ ಮಾಡಬೇಕು. ಈ ಅನುಕ್ರಮ ತಪ್ಪಿದರೆ ಉಳಿದದ್ದೆಲ್ಲ ಕೆಲಸಕ್ಕೆ ಬರುವುದಿಲ್ಲ.

ನಮ್ಮೂರಲ್ಲಿ ಇದೆಲ್ಲ ಆಗಲ್ಲ ಅನ್ನುವವರಿಗೆ

2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಎಲ್‌ಪಿಜಿ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿತು. ಸತ್ತವರಲ್ಲಿ ರಸ್ತೆಬದಿಯ ಮನೆಯವರೂ ಇದ್ದರು. ಅದಕ್ಕೂ ಮುಂಚೆ, 2012ರ ಆಗಸ್ಟ್‌ನಲ್ಲಿ, ಕಣ್ಣೂರಿನ ಚಾಲದಲ್ಲಿ ಟ್ಯಾಂಕರ್ ಡಿವೈಡರ್‌ಗೆ ಬಡಿದು ಇಪ್ಪತ್ತು ಜನ ಹೋದರು. 2024ರ ಡಿಸೆಂಬರ್ 20ರ ನಸುಕಿನಲ್ಲಿ ಜೈಪುರದ ಭಾಂಕ್ರೋಟಾ ಬಳಿ ಯೂ ಟರ್ನ್ ತೆಗೆದುಕೊಳ್ಳುತ್ತಿದ್ದ ಎಲ್‌ಪಿಜಿ ಟ್ಯಾಂಕರ್‌ಗೆ ಲಾರಿ ಗುದ್ದಿತು. ಸೋರಿದ ಗ್ಯಾಸ್ ರಸ್ತೆ ತುಂಬಾ ಹರಡಿ, ಸಾಲುಗಟ್ಟಿ ನಿಂತ ಬಸ್ಸು, ಲಾರಿ, ಕಾರುಗಳೆಲ್ಲ ಒಟ್ಟಿಗೇ ಹೊತ್ತಿಕೊಂಡವು.

ಬಾಂಬಿನ ಮಾತಿಗೆ ಬಂದರೆ, 2024ರ ಮಾರ್ಚ್ 1ರ ಮಧ್ಯಾಹ್ನ ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಊಟದ ಹೊತ್ತಿಗೆ ಸಿಡಿದದ್ದು ಒಬ್ಬ ಬಿಟ್ಟುಹೋದ ಚೀಲ. 2022ರ ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ಚಲಿಸುತ್ತಿದ್ದ ಆಟೊದಲ್ಲಿ ಕುಕ್ಕರ್ ಸಿಡಿಯಿತು. ಎರಡೂ ಕಡೆ ಯಾರೂ ಸಾಯಲಿಲ್ಲ, ಆದರೆ ಗಾಯಗೊಂಡವರು ನಮ್ಮ ನಿಮ್ಮ ಹಾಗೆ ಊಟಕ್ಕೆ ಹೋದವರು, ಆಟೊ ಓಡಿಸುವವರು.

ಟ್ಯಾಂಕರಿನ ಬೆನ್ನು ಓದುವುದು

ಹೆದ್ದಾರಿ ಬದಿಯ ಹೋಟೆಲಿನಲ್ಲಿ ಚಹಾ ಕುಡಿಯಲು ನಿಲ್ಲಿಸಿದ್ದ ನಾಮಕ್ಕಲ್ ಕಡೆಯ ಒಬ್ಬ ಚಾಲಕರು ನನಗೆ ಇದನ್ನು ಕಲಿಸಿದರು. ಚಹಾ ಲೋಟ ಹಿಡಿದ ಕೈಯಲ್ಲೇ ಟ್ಯಾಂಕರಿನ ಹಿಂಭಾಗ ತೋರಿಸಿ ‘ಸಾರ್, ಇದು ನಮ್ಮ ರೇಷನ್ ಕಾರ್ಡ್’ ಅಂದರು. ಕಿತ್ತಳೆ ಬಣ್ಣದ ಫಲಕ. ಅಪಾಯಕಾರಿ ಸರಕು ಸಾಗಿಸುವ ವಾಹನಕ್ಕೆ ಹಿಂದೆಯೂ ಎರಡು ಬದಿಗೂ ಈ ಫಲಕ ಇರಲೇಬೇಕೆಂದು ಮೋಟಾರು ವಾಹನ ನಿಯಮಗಳೇ ಹೇಳುತ್ತವೆ.

ಅದರಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಅದಕ್ಕೆ ಯುಎನ್ ನಂಬರ್ ಅಂತಾರೆ. ಜಗತ್ತಿನಲ್ಲಿ ಎಲ್ಲೇ ಹೋದರೂ ಒಂದೇ ಸರಕಿಗೆ ಒಂದೇ ನಂಬರು. 1075 ಅಂದರೆ ಎಲ್‌ಪಿಜಿ. 1203 ಪೆಟ್ರೋಲ್, 1202 ಡೀಸೆಲ್. 1005 ಅಮೋನಿಯಾ, 1017 ಕ್ಲೋರಿನ್. 1830 ಸಲ್ಫ್ಯೂರಿಕ್ ಆಸಿಡ್. ಇವಿಷ್ಟು ನೆನಪಿದ್ದರೆ ನಮ್ಮ ರಸ್ತೆಗಳಲ್ಲಿ ಓಡುವ ದೊಡ್ಡ ಅಪಾಯಗಳ ಗುರುತು ಸಿಕ್ಕ ಹಾಗೆ. ನೆನಪಿರದಿದ್ದರೂ ಚಿಂತೆ ಇಲ್ಲ, ದೂರದಿಂದ ಆ ನಾಲ್ಕು ಅಂಕಿ ಓದಿ ಫೋನಿನಲ್ಲಿ ಹೇಳಿದರೆ ಅಗ್ನಿಶಾಮಕದವರಿಗೆ ಅರ್ಥವಾಗುತ್ತದೆ. ನೀರು ಹೊಡೆಯಬೇಕೋ ನೊರೆ ಹೊಡೆಯಬೇಕೋ ಅನ್ನುವುದು ಅದರಿಂದಲೇ ತೀರ್ಮಾನ ಆಗುವುದು.

ಸಂಖ್ಯೆಯ ಜೊತೆಗೆ ಒಂದು ಅಂಕಿ, ಒಂದೆರಡು ಇಂಗ್ಲಿಷ್ ಅಕ್ಷರ ಸೇರಿದ ಸಣ್ಣ ಕೋಡ್ ಇರುತ್ತದೆ. ಅದರ ಕೊನೆಯಲ್ಲಿ ‘ಇ’ (E) ಅಕ್ಷರ ಇದ್ದರೆ ಸುತ್ತಲಿನ ಜನರನ್ನು ತೆರವು ಮಾಡುವ ಬಗ್ಗೆ ಯೋಚಿಸಬೇಕು ಎಂದರ್ಥ. ಪಕ್ಕದಲ್ಲೇ ಡೈಮಂಡ್ ಆಕಾರದ ಚಿತ್ರ. ಕೆಂಪು ಹಿನ್ನೆಲೆಯಲ್ಲಿ ಜ್ವಾಲೆ ಇದ್ದರೆ ಬೆಂಕಿ ಹತ್ತುವ ವಸ್ತು. ತಲೆಬುರುಡೆ ಇದ್ದರೆ ವಿಷ. ಕೈ ಮೇಲೆ ಹನಿ ಬಿದ್ದು ಕರಗುವ ಚಿತ್ರ ಇದ್ದರೆ ಆಸಿಡ್ ಜಾತಿ. ನೀಲಿ ಬಣ್ಣ ಕಂಡರೆ ನೀರು ತಾಗಿದರೇ ಅಪಾಯ. ಹಣ್ಣು ಮಾಗಿಸಲು ಕಳ್ಳತನದಲ್ಲಿ ಬಳಸುವ ಕಾರ್ಬೈಡ್ ಇದೇ ಜಾತಿಯದು. ಬೆಂಕಿ ಅಂದ ಕೂಡಲೇ ಕೊಡ ಹಿಡಿದು ಓಡುವ ನಮ್ಮ ಅಭ್ಯಾಸ ಅಲ್ಲಿ ಉಲ್ಟಾ ಹೊಡೆಯುತ್ತದೆ.

ಫಲಕ ಓದುವುದಕ್ಕೆ ಅಂತ ಹತ್ತಿರ ಹೋಗಬೇಡಿ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ದೂರದಿಂದಲೇ ನೋಡಿ. ಕಾಣಿಸದಿದ್ದರೆ ಬಿಡಿ. ‘ಬುಲೆಟ್ ಟ್ಯಾಂಕರ್’ ಅಂತ ಆಕಾರ ಹೇಳಿದರೂ ಸಾಕಷ್ಟು ತಿಳಿಯುತ್ತದೆ. ಎರಡೂ ತುದಿ ಉಬ್ಬಿದ, ಉದ್ದನೆಯ ಕ್ಯಾಪ್ಸೂಲ್ ಮಾತ್ರೆಯ ಹಾಗಿದ್ದರೆ ಒಳಗೆ ಒತ್ತಡದಲ್ಲಿ ತುಂಬಿದ ಗ್ಯಾಸ್. ಹಿಂಭಾಗ ಚಪ್ಪಟೆಯಾಗಿದ್ದರೆ ಹೆಚ್ಚಾಗಿ ಎಣ್ಣೆ ಅಥವಾ ಬೇರೆ ದ್ರವ.

ಇನ್ನೊಂದು ಮಾತು. ಖಾಲಿ ಟ್ಯಾಂಕರ್ ಅಂದರೆ ಭಯ ಇಲ್ಲ ಅಂದುಕೊಳ್ಳಬೇಡಿ. ಲೋಡ್ ಇಳಿಸಿದ ಮೇಲೂ ಒಳಗೆ ಗ್ಯಾಸ್ ಉಳಿದಿರುತ್ತದೆ.

ಗಾಳಿ ಎತ್ತ?

ಓಡುವ ಮೊದಲು ಎತ್ತ ಓಡಬೇಕು ಅನ್ನುವುದು ಗೊತ್ತಿರಬೇಕು. ಎರಡು ಸೆಕೆಂಡ್ ನಿಂತು ತೆಂಗಿನ ಗರಿ ನೋಡಿ, ಒಣಗಲು ಹಾಕಿದ ಲುಂಗಿ ನೋಡಿ, ಹೋಟೆಲಿನ ಹೊಗೆ ನೋಡಿ. ಏನೂ ಇಲ್ಲದಿದ್ದರೆ ಒಂದು ಹಿಡಿ ಮಣ್ಣು ಎತ್ತಿ ಉದುರಿಸಿ. ಕರಾವಳಿಯವರಿಗೆ ಒಂದು ಅನುಕೂಲ ಇದೆ. ಮಳೆಗಾಲ ಬಿಟ್ಟರೆ ಸಾಮಾನ್ಯವಾಗಿ ಹಗಲು ಗಾಳಿ ಸಮುದ್ರದ ಕಡೆಯಿಂದ ಒಳನಾಡಿಗೆ, ರಾತ್ರಿ ಒಳನಾಡಿನಿಂದ ಸಮುದ್ರಕ್ಕೆ. ಹಾಗಾಗಿ ಮಧ್ಯಾಹ್ನಕ್ಕೆ ಸರಿ ಹೊಂದಿದ ದಾರಿ ನಡುರಾತ್ರಿಗೆ ಸರಿ ಇರಲಿಕ್ಕಿಲ್ಲ.

ಗಾಳಿ ನಿಮ್ಮಿಂದ ಟ್ಯಾಂಕರಿನ ಕಡೆ ಬೀಸುತ್ತಿದ್ದರೆ ಸುಮ್ನೆ ಹಿಂದಕ್ಕೆ ನಡೆಯಿರಿ. ಟ್ಯಾಂಕರಿನಿಂದ ನಿಮ್ಮ ಕಡೆ ಬೀಸುತ್ತಿದ್ದರೆ ಅದರ ಜೊತೆ ಓಡಬೇಡಿ, ಅದಕ್ಕೆ ಎದುರಾಗಿಯೂ ನುಗ್ಗಬೇಡಿ. ಅಡ್ಡಕ್ಕೆ ಹೋಗಿ. ಗಾಳಿ ರಸ್ತೆಯುದ್ದಕ್ಕೆ ಬೀಸುತ್ತಿದ್ದರೆ ರಸ್ತೆ ಬಿಟ್ಟು ತೋಟಕ್ಕೋ ಗದ್ದೆಗೋ ಇಳಿದು ದೂರ ಹೋಗಬೇಕು. ಬೇಲಿ ಹಾರಬೇಕಾದರೆ ಹಾರಿ, ಅವತ್ತು ಯಾರೂ ಜಗಳಕ್ಕೆ ಬರುವುದಿಲ್ಲ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಅನ್ನುವ ವಿಷಾನಿಲ ಸೋರಿದಾಗ ಜನ ಎದ್ದು ಮೋಡದ ಜೊತೆಜೊತೆಗೇ ಓಡಿದರು. ಓಡುವಾಗ ಉಸಿರು ಜಾಸ್ತಿ ಎಳೆದುಕೊಳ್ಳುತ್ತೇವೆ, ವಿಷವೂ ಜಾಸ್ತಿ ಒಳಗೆ ಹೋಗುತ್ತದೆ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದಲ್ಲಿ ಕಾರ್ಖಾನೆಯಿಂದ ಸ್ಟೈರೀನ್ ಅನ್ನುವ ರಾಸಾಯನಿಕ ಸೋರಿದಾಗಲೂ ಜನ ಓಡುತ್ತಲೇ ರಸ್ತೆಯಲ್ಲಿ ಕುಸಿದರು.

ಎಲ್‌ಪಿಜಿ ಟ್ಯಾಂಕರ್ ಬಿದ್ದರೆ

ಎಲ್‌ಪಿಜಿ ಗಾಳಿಗಿಂತ ಭಾರ. ನೀರು ಎತ್ತ ಹರಿಯುತ್ತದೋ ಈ ಗ್ಯಾಸೂ ಅತ್ತಲೇ ಹರಿಯುತ್ತದೆ. ಚರಂಡಿ, ಮೋರಿ, ಬಾವಿ, ತಗ್ಗಿನಲ್ಲಿರುವ ಮನೆಯ ಅಂಗಳ, ಎಲ್ಲ ಕಡೆ ಇಳಿದು ಕೂರುತ್ತದೆ. ಘಾಟಿ ರಸ್ತೆಯಲ್ಲಿ ಟ್ಯಾಂಕರ್ ಬಿದ್ದರೆ ಕೆಳಗಿನ ತಿರುವಿನವರಿಗೆ ಹೆಚ್ಚು ಅಪಾಯ. ಒಂದು ಲೀಟರ್ ದ್ರವ ಸೋರಿದರೆ ಸುಮಾರು ಇನ್ನೂರೈವತ್ತು ಲೀಟರ್ ಗ್ಯಾಸ್ ಆಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಹೊತ್ತಿಕೊಳ್ಳಲು ಸಾಕು. ಸೋರುವ ಜಾಗದಲ್ಲಿ ಬಿಳಿ ಮಂಜು ಕಾಣುತ್ತದೆ. ಅದು ಚಳಿಗೆ ಗಾಳಿಯ ತೇವ ಹೆಪ್ಪುಗಟ್ಟಿದ್ದು. ಗ್ಯಾಸ್ ಆ ಮಂಜಿನ ಅಂಚನ್ನೂ ದಾಟಿ ಮುಂದಕ್ಕೆ ಹೋಗಿರಬಹುದು. ಕಾಣಿಸುವ ಮಂಜನ್ನು ನೋಡಿ ‘ಇಲ್ಲಿಗೆ ಬಂದಿಲ್ಲ’ ಅಂತ ಲೆಕ್ಕ ಹಾಕಬೇಡಿ.

ನೀವು ವಾಹನದಲ್ಲಿದ್ದು ಮುಂದೆ ದೂರದಲ್ಲಿ ಮಂಜು ಕಂಡರೆ ಅಲ್ಲೇ ತಿರುಗಿಸಿ ವಾಪಸ್ ಹೋಗಿ. ಹತ್ತಿರ ಸಿಕ್ಕಿಬಿದ್ದಿದ್ದರೆ ಎಂಜಿನ್ ಆಫ್ ಮಾಡಿ, ಕೀ ಗಾಡಿಯಲ್ಲೇ ಬಿಟ್ಟು ಇಳಿದು ನಡೆಯಿರಿ. ಮತ್ತೆ ಸ್ಟಾರ್ಟ್ ಮಾಡಬೇಡಿ. ಹೊಸ ಕಾರು, ಕಂತು ಇನ್ನೂ ಮುಗಿದಿಲ್ಲ, ಎಲ್ಲ ನಿಜ. ಆದರೂ ಬಿಟ್ಟು ನಡೆಯಿರಿ.

ಮನೆಯಲ್ಲಿದ್ದರೆ ಒಲೆ, ದೀಪ, ಅಗರಬತ್ತಿ ಮೊದಲು ಆರಿಸಿ. ಬಚ್ಚಲೊಲೆಯನ್ನು ಬಹಳ ಜನ ಮರೆಯುತ್ತಾರೆ. ಬೆಳಿಗ್ಗೆ ಹಚ್ಚಿದ ಕೆಂಡ ಮಧ್ಯಾಹ್ನದ ತನಕ ಇರುತ್ತದಲ್ವಾ? ಗ್ಯಾಸಿನ ವಾಸನೆ ಮನೆಯೊಳಗೆ ಬಂದಾಗಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕಲೂ ಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಹಾರುತ್ತದೆ. ಕರೆಂಟ್ ತೆಗೆಸಬೇಕಾದರೆ ದೂರ ಹೋದ ಮೇಲೆ 1912ಕ್ಕೆ ಫೋನ್ ಮಾಡಿ ಲೈನೇ ಆಫ್ ಮಾಡಿಸಿ. ಬಾಗಿಲು ಮುಚ್ಚಿ ಒಳಗೆ ಕೂರುವುದು ಇಲ್ಲಿ ಉಪಾಯ ಅಲ್ಲ, ಹೊರಡಬೇಕು. ಹಟ್ಟಿಯಲ್ಲಿ ದನ ಇದ್ದರೆ ಕಣ್ಣಿ ಬಿಚ್ಚಿ ಬಿಡಿ, ಹಿಡಿದು ಎಳೆದುಕೊಂಡು ಹೋಗಲು ಹೊತ್ತು ಕಳೆಯಬೇಡಿ. ಅವು ದಾರಿ ಹುಡುಕಿಕೊಳ್ಳುತ್ತವೆ.

ಎಷ್ಟು ದೂರ? ಬೆಂಕಿ ಹತ್ತಿಲ್ಲ, ಬರೀ ಸೋರುತ್ತಿದೆ ಅಂದರೆ ಗಾಳಿ ಬೀಸುವ ದಿಕ್ಕಿನಲ್ಲಿ ಮುಕ್ಕಾಲು ಕಿಲೋಮೀಟರಿಗಿಂತ ಹೆಚ್ಚು ಜಾಗ ಖಾಲಿಯಾಗಬೇಕು. ಟ್ಯಾಂಕರಿಗೇ ಬೆಂಕಿ ಹತ್ತಿದ್ದರೆ ಸುತ್ತಲೂ ಒಂದೂವರೆ ಕಿಲೋಮೀಟರ್. ಕಾದ ಟ್ಯಾಂಕ್ ಒಡೆದರೆ ಅದರ ತುಂಡುಗಳು ಹಾರಿ ಬಹಳ ದೂರ ಬೀಳುತ್ತವೆ. ಬೆಂಕಿ ಸಣ್ಣದಾಗಿ ಉರಿಯುತ್ತಿದೆ, ಆರಿಸಿಬಿಡೋಣ ಅಂತಲೂ ಹೋಗಬೇಡಿ. ಸೋರಿಕೆ ನಿಲ್ಲದೆ ಬೆಂಕಿ ಆರಿದರೆ ಗ್ಯಾಸ್ ಸುಮ್ಮನೆ ಹರಡಿ ಇನ್ನೊಂದು ಕಡೆ ಒಟ್ಟಿಗೇ ಹೊತ್ತಿಕೊಳ್ಳುತ್ತದೆ.

ಪೆಟ್ರೋಲ್ ಟ್ಯಾಂಕರ್ ಮಗುಚಿದರೆ ಕ್ಯಾನು, ಬಕೆಟ್ಟು ಹಿಡಿದು ಬರುವವರ ಬಗ್ಗೆ ಒಂದೇ ಮಾತು. 2017ರ ಜೂನ್‌ನಲ್ಲಿ ಪಾಕಿಸ್ತಾನದ ಬಹಾವಲಪುರ ಬಳಿ ಹೀಗೇ ಪೆಟ್ರೋಲ್ ತುಂಬಿಕೊಳ್ಳಲು ಸೇರಿದ್ದ ಇನ್ನೂರಕ್ಕೂ ಹೆಚ್ಚು ಜನ ಒಂದೇ ಬೆಂಕಿಗೆ ಸತ್ತರು.

ಕ್ಲೋರಿನ್, ಅಮೋನಿಯಾ: ಇಲ್ಲಿ ಲೆಕ್ಕ ಬೇರೆ

ಇವೆರಡೂ ಕಾರ್ಖಾನೆಯೊಳಗೆ ಮಾತ್ರ ಇರುತ್ತವೆ ಅಂದುಕೊಂಡಿದ್ದೆ. ಹಾಗಲ್ಲ. ಕುಡಿಯುವ ನೀರು ಶುದ್ಧ ಮಾಡುವ ಘಟಕಗಳಲ್ಲಿ ಕ್ಲೋರಿನ್ ಸಿಲಿಂಡರ್ ಇರುತ್ತದೆ. ಮಂಜುಗಡ್ಡೆ ಮಾಡುವ ಐಸ್ ಪ್ಲಾಂಟ್, ಶೀತಲೀಕರಣ ಗೋದಾಮು, ಹಾಲಿನ ಡೇರಿಗಳಲ್ಲಿ ಅಮೋನಿಯಾ. ಮೀನುಗಾರಿಕೆ ಬಂದರಿರುವ ಊರುಗಳಲ್ಲಿ ಮನೆಗಳ ನಡುವೆಯೇ ಐಸ್ ಪ್ಲಾಂಟ್ ಇರುವುದುಂಟು.

ಕ್ಲೋರಿನ್ ವಾಸನೆ ಬ್ಲೀಚಿಂಗ್ ಪೌಡರಿನದ್ದು. ಬಣ್ಣ ಹಳದಿ ಹಸಿರು. ಗಾಳಿಗಿಂತ ಎರಡೂವರೆ ಪಟ್ಟು ಭಾರ, ಹಾಗಾಗಿ ಎತ್ತರಕ್ಕೆ ಹೋಗಬೇಕು. ಎರಡನೇ ಮಹಡಿ, ಗುಡ್ಡ, ಏನು ಸಿಕ್ಕಿದರೂ. ಅಮೋನಿಯಾದ್ದು ತಲೆಗೂದಲಿನ ಬಣ್ಣದ ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ಖಾರ ವಾಸನೆ. ಅದು ಗಾಳಿಗಿಂತ ಹಗುರ. ಆದರೆ ತಣ್ಣಗೆ ಸೋರಿದಾಗ ಮೊದಮೊದಲು ನೆಲದಲ್ಲೇ ಬಿಳಿ ಮಂಜಾಗಿ ಹರಿಯುತ್ತದೆ. ಅದಕ್ಕೆ ಮೇಲೆ ಕೆಳಗೆ ಅಂತ ನೋಡದೆ ಗಾಳಿಗೆ ಅಡ್ಡವಾಗಿ ದೂರ ಹೋಗಿ. ನೀರಿನಲ್ಲಿ ಚೆನ್ನಾಗಿ ಕರಗುವ ಗ್ಯಾಸ್ ಆದ್ದರಿಂದ ಒದ್ದೆ ಟವೆಲ್ ಮೂಗಿಗೆ ಹಿಡಿದರೆ ಸ್ವಲ್ಪ ರಕ್ಷಣೆ ಸಿಗುತ್ತದೆ. ಕೊರೊನಾ ಕಾಲದ ಮಾಸ್ಕ್ ಕಪಾಟಿನಲ್ಲಿದೆ ಅಂತ ನೆಚ್ಚಬೇಡಿ. ಅದು ಧೂಳು ತಡೆಯುತ್ತದೆ, ಗ್ಯಾಸ್ ತಡೆಯುವುದಿಲ್ಲ.

ಹೊರಗೆ ಮೋಡ ಬಂದಾಗಿದ್ದು ಹೊರಡಲು ದಾರಿ ಇಲ್ಲದಿದ್ದರೆ ಒಳಗೇ ಇರಿ. ಕಿಟಕಿ, ಬಾಗಿಲು ಮುಚ್ಚಿ. ಫ್ಯಾನ್, ಎಸಿ, ಅಡುಗೆಮನೆಯ ಎಕ್ಸಾಸ್ಟ್ ಆರಿಸಿ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ. ಗಮನಿಸಿ, ಎಲ್‌ಪಿಜಿಗೆ ಸ್ವಿಚ್ ಮುಟ್ಟಬೇಡಿ ಅಂದೆ, ಇಲ್ಲಿ ಫ್ಯಾನ್ ಆರಿಸಿ ಅಂತಿದ್ದೇನೆ. ಎರಡೂ ಸರಿಯೇ. ಅಲ್ಲಿ ಶತ್ರು ಕಿಡಿ, ಇಲ್ಲಿ ಶತ್ರು ಉಸಿರು. ಮೊದಲು ವಾಸನೆ ಗುರುತಿಸಿ, ಆಮೇಲೆ ಕೈ ಆಡಿಸಿ.

ಈ ‘ಮುಚ್ಚಿಕೊಂಡು ಒಳಗಿರಿ’ ಅನ್ನುವ ಸಲಹೆ ಕೊಡುವವರು ನಮ್ಮ ಹೆಂಚಿನ ಮನೆ ನೋಡಿಲ್ಲ. ಹೆಂಚಿನ ಮಾಡಿಗೆ ಸಾವಿರ ಸಂದಿ. ಎಷ್ಟು ಬಟ್ಟೆ ತುರುಕಿದರೂ ಗಾಳಿ ಬರುತ್ತದೆ. ನಿಮ್ಮದು ಹೆಂಚಿನ ಮನೆಯಾದರೆ ಹತ್ತಿರದ ಆರ್‌ಸಿಸಿ ಮನೆ ಯಾವುದು ಅಂತ ಈಗಲೇ ಗೊತ್ತುಮಾಡಿಕೊಂಡು, ಅವರ ಹತ್ತಿರ ಮಾತಾಡಿಟ್ಟುಕೊಳ್ಳಿ. ‘ಹಂಗೇನಾದ್ರೂ ಆದ್ರೆ ನಿಮ್ಮನೆಗೆ ಬರ್ತೀವಿ’ ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಮೈಮೇಲೆ ಬಿದ್ದರೆ

ಬಟ್ಟೆ ಕಳಚಿ. ರಾಸಾಯನಿಕದ ದೊಡ್ಡ ಪಾಲು ಬಟ್ಟೆಯಲ್ಲೇ ಕೂತಿರುತ್ತದೆ, ಅದು ಹೋದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು. ನಾಚಿಕೆ ಪಟ್ಟುಕೊಂಡು ನಿಂತರೆ ಚರ್ಮ ಸುಡುತ್ತದೆ. ತಲೆ ಮೇಲಿಂದ ಎಳೆದು ತೆಗೆಯಬೇಕಾದ ಅಂಗಿಯಾದರೆ ಕತ್ತರಿಸಿ ತೆಗೆಯಿರಿ, ಮುಖಕ್ಕೆ ಉಜ್ಜಬಾರದು. ಪುಡಿಯಾಗಿದ್ದರೆ ಮೊದಲು ಒಣ ಬಟ್ಟೆಯಲ್ಲಿ ಜಾಡಿಸಿ, ಆಮೇಲೆ ನೀರು. ದ್ರವವಾಗಿದ್ದರೆ ನೇರ ಹರಿಯುವ ನೀರು, ಹದಿನೈದು ಇಪ್ಪತ್ತು ನಿಮಿಷ. ಗಡಿಯಾರ ನೋಡಿ ಲೆಕ್ಕ ಹಾಕಿ, ಉರಿ ಇದ್ದಾಗ ಎರಡು ನಿಮಿಷವೇ ಇಪ್ಪತ್ತರ ಹಾಗೆ ಅನಿಸುತ್ತದೆ. ಕಣ್ಣಿಗೂ ಅಷ್ಟೇ. ಉಜ್ಜಬೇಡಿ, ಅರಿಶಿನ, ಎಣ್ಣೆ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ. ಕಳಚಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಇಡಿ. ಆಸ್ಪತ್ರೆಗೆ ಹೋದಾಗ ಮೈಗೆ ತಾಗಿದ್ದು ಏನು ಅಂತ ಬಾಗಿಲಲ್ಲೇ ಹೇಳಿ, ಇಲ್ಲದಿದ್ದರೆ ನರ್ಸ್‌ಗೂ ತಾಗುತ್ತದೆ.

ಬಿದ್ದವರನ್ನು ಎತ್ತಲು ಹೋಗುವ ಮುನ್ನ

ಈ ಭಾಗ ಬರೆಯುವುದು ಕಷ್ಟ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಬಳಿಯ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿಗೆ ಒಬ್ಬ ಕಾರ್ಮಿಕ ಬಿದ್ದ. ಅವನನ್ನು ಎತ್ತಲು ಇನ್ನೊಬ್ಬ ಇಳಿದ, ಆಮೇಲೆ ಮತ್ತೊಬ್ಬ. ಕೊನೆಗೆ ಐದು ಜನ ಸತ್ತರು. ಮ್ಯಾನ್‌ಹೋಲ್‌ಗಳಲ್ಲಿ, ಬಾವಿಗಳಲ್ಲಿ ಪ್ರತಿ ವರ್ಷ ಇದೇ ಕತೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಇದ್ದಾಗ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ನಿಂತಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ.

ಮೇಲಿನಿಂದಲೇ ಹಗ್ಗ ಬಿಡಬಹುದು, ಕೂಗಿ ಎಚ್ಚರಿಸಬಹುದು, ಬ್ಲೋವರ್ ಇದ್ದರೆ ಗಾಳಿ ಹಾಯಿಸಬಹುದು. ಉಸಿರಾಟದ ಸಿಲಿಂಡರ್ ಇಲ್ಲದೆ ಇಳಿಯಬಾರದು. ಅಣ್ಣನೇ ಬಿದ್ದಿದ್ದರೂ ಇಳಿಯಬಾರದು. ಪಕ್ಕದಲ್ಲಿ ಯಾರಾದರೂ ಇಳಿಯಲು ಹೊರಟರೆ ಗಟ್ಟಿಯಾಗಿ ಹಿಡಿದುಕೊಳ್ಳಿ, ಬೈದರೆ ಬೈಸಿಕೊಳ್ಳಿ.

ಗುಜರಿ ವ್ಯಾಪಾರದವರಿಗೂ ಇಲ್ಲೇ ಒಂದು ಮಾತು. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಹಳೆಯ ಯಂತ್ರವೊಂದನ್ನು ಬಿಚ್ಚಿದಾಗ ಒಳಗೆ ಕೋಬಾಲ್ಟ್-60 ಇತ್ತು. ವಿಕಿರಣ ತಾಗಿ ಒಬ್ಬರು ಸತ್ತರು. ಹಳದಿ ಹಿನ್ನೆಲೆಯಲ್ಲಿ ಮೂರು ರೆಕ್ಕೆಯ ಫ್ಯಾನಿನಂಥ ಗುರುತು ಇರುವ ಲೋಹದ ತುಂಡು ಸಿಕ್ಕಿದರೆ ಮುಟ್ಟಬೇಡಿ, ಜೇಬಿಗೆ ಹಾಕಬೇಡಿ. ಗುರುತು ಅಳಿಸಿದ, ಕವಾಟ ಮುಚ್ಚಿದ ಹಳೆ ಸಿಲಿಂಡರನ್ನು ಕತ್ತರಿಸುವುದೂ ಬೇಡ.

ಯಾರದ್ದೂ ಅಲ್ಲದ ಚೀಲ

ಬಸ್ಸಿನಲ್ಲಿ, ಜಾತ್ರೆಯಲ್ಲಿ, ಹೋಟೆಲಿನ ಕೈತೊಳೆಯುವ ಜಾಗದಲ್ಲಿ ಚೀಲ ಬಿಟ್ಟುಹೋಗುವುದು ನಮ್ಮಲ್ಲಿ ದಿನಾ ನಡೆಯುವ ವಿಷಯ. ನೂರಕ್ಕೆ ತೊಂಬತ್ತೊಂಬತ್ತು ಸಲ ಒಳಗಿರುವುದು ಟಿಫಿನ್ ಡಬ್ಬಿ. ಹಾಗಾಗಿ ಮೊದಲು ಜೋರಾಗಿ ಕೇಳಿ: ‘ಈ ಬ್ಯಾಗ್ ಯಾರದ್ದು?’ ಎರಡು ಸಲ ಕೇಳಿದರೂ ಉತ್ತರ ಬರದಿದ್ದರೆ, ಚೀಲ ಯಾರ ಕಣ್ಣಿಗೂ ಬೀಳದ ಹಾಗೆ ಬಚ್ಚಿಟ್ಟಂತೆ ಇದ್ದರೆ, ವೈರು, ಟೈಮರ್, ಪೆಟ್ರೋಲಿನಂಥ ವಾಸನೆ ಇದ್ದರೆ, ಅಥವಾ ಇಟ್ಟವರು ಅವಸರದಲ್ಲಿ ಎದ್ದು ಹೋದದ್ದನ್ನು ನೀವೇ ನೋಡಿದ್ದರೆ, ಅಲ್ಲಿಗೆ ಟಿಫಿನ್ ಡಬ್ಬಿ ಅನ್ನುವ ಲೆಕ್ಕ ಬಿಡಿ.

ಮುಟ್ಟಬೇಡಿ, ಸರಿಸಬೇಡಿ, ಜಿಪ್ ಎಳೆದು ನೋಡಬೇಡಿ, ನೀರು ಸುರಿಯಬೇಡಿ. ಪಕ್ಕದಲ್ಲಿ ನಿಂತು ಫೋನ್ ಮಾಡಬೇಡಿ. ಬಸ್ಸಾದರೆ ಕಂಡಕ್ಟರಿಗೆ ಮೆಲ್ಲಗೆ ಹೇಳಿ ನಿಲ್ಲಿಸಿ ಎಲ್ಲರನ್ನೂ ಇಳಿಸಿ. ‘ಬಾಂಬ್’ ಅಂತ ಕೂಗಿದರೆ ಬಾಂಬಿಗಿಂತ ಮೊದಲು ಕಾಲ್ತುಳಿತಕ್ಕೇ ಜನ ಸಾಯಬಹುದು. ‘ಬಸ್ಸು ಕೆಟ್ಟಿದೆ, ಇಳಿಯಿರಿ’ ಅಂದರೂ ಆಯಿತು, ಈ ಸುಳ್ಳಿಗೆ ಪಾಪ ಇಲ್ಲ. ಕನಿಷ್ಠ ನೂರು ಮೀಟರ್ ದೂರ, ಐನೂರಾದರೆ ಇನ್ನೂ ಒಳ್ಳೆಯದು. ಗಟ್ಟಿ ಗೋಡೆಯ ಹಿಂದೆ, ಚೀಲ ಕಣ್ಣಿಗೆ ಕಾಣದ ಜಾಗದಲ್ಲಿ ನಿಲ್ಲಿ. ಗಾಜಿನ ಷೋರೂಮ್ ಎದುರು ಬೇಡ. ಸ್ಫೋಟದಲ್ಲಿ ಒಡೆದ ಗಾಜೇ ಎಷ್ಟೋ ಜನರನ್ನು ಗಾಯ ಮಾಡುತ್ತದೆ.

ಸಿಡಿದಾಗಿದ್ದರೆ ನೋಡಲು ಸೇರಬೇಡಿ. ಒಂದರ ಬಳಿ ಜನ ಸೇರಲಿ ಅಂತಲೇ ಎರಡನೆಯದನ್ನು ಇಡುವುದುಂಟು. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಒಂದೇ ಮಧ್ಯಾಹ್ನ ಬೇರೆ ಬೇರೆ ಕಡೆ ಒಂದರ ಹಿಂದೆ ಒಂದು ಸಿಡಿದವು. ಪಕ್ಕದಲ್ಲಿ ಗಾಯಾಳು ಇದ್ದು ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿಯಿರಿ. ನೋಡೋಣ ನಿಂತಿತಾ ಅಂತ ತೆಗೆದು ತೆಗೆದು ನೋಡಬೇಡಿ. ಚುಚ್ಚಿಕೊಂಡ ಮೊಳೆ, ಗಾಜು ಕೀಳಬೇಡಿ.

ಪೊಲೀಸರಿಗೆ ಹೇಳುವಾಗ ಚೀಲದ ಬಗ್ಗೆ ಹೇಳಿ, ನಡವಳಿಕೆಯ ಬಗ್ಗೆ ಹೇಳಿ. ಗಡ್ಡ, ಉಡುಪು, ಭಾಷೆ ನೋಡಿ ಅನುಮಾನ ಪಡುವುದು ಎಚ್ಚರ ಅಲ್ಲ. ಅದರಿಂದ ತಪ್ಪು ಮನುಷ್ಯ ಒದೆ ತಿನ್ನುತ್ತಾನೆ, ಚೀಲ ಅಲ್ಲೇ ಉಳಿಯುತ್ತದೆ.

ಕಾರ್ಯಾಚರಣೆ ನಡೆಯುವಾಗ ವಿಡಿಯೊ ಹಾಕುವುದು ಇನ್ನೊಂದು ಚಟ. 2008ರ ಮುಂಬೈ ದಾಳಿಯಲ್ಲಿ ಟಿವಿಗಳ ನೇರ ಪ್ರಸಾರ ನೋಡಿಕೊಂಡು ಗಡಿಯಾಚೆ ಕೂತವರು ಒಳಗಿದ್ದ ಉಗ್ರರಿಗೆ ಫೋನಿನಲ್ಲಿ ನಿರ್ದೇಶನ ಕೊಡುತ್ತಿದ್ದರು. ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತ್ತು. ಇವತ್ತು ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಟಿವಿ ಚಾನೆಲ್ ಇದೆ.

ಫೋನಿನಲ್ಲಿ ಏನು ಹೇಳಬೇಕು

112ಕ್ಕೆ ಮಾಡಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೇ ನಂಬರು. ಎಲ್‌ಪಿಜಿ ಸೋರಿಕೆಗೆ 1906, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033, ಜಿಲ್ಲಾ ಕಂಟ್ರೋಲ್ ರೂಮಿಗೆ 1077. ಮೊದಲು ಜಾಗ ಹೇಳಿ, ಲೈನ್ ಕಟ್ಟಾದರೂ ಜಾಗ ತಲುಪಿರಬೇಕು. ‘ನಮ್ಮನೆ ಹತ್ರ’ ಅಂದರೆ ಆಗಲ್ಲ. ಹೀಗೆ ಹೇಳಿ:

‘ಇಲ್ಲಿ ಗ್ಯಾಸ್ ಟ್ಯಾಂಕರ್ ಬಿದ್ದಿದೆ. ಮಂಗಳೂರು ಬೆಂಗಳೂರು ಹೆದ್ದಾರಿ, ಇಂಥ ಊರಿನ ಸೇತುವೆ ದಾಟಿ ಬೆಂಗಳೂರು ಕಡೆಗೆ ಅರ್ಧ ಕಿಲೋಮೀಟರ್. ಬುಲೆಟ್ ಟ್ಯಾಂಕರ್, ನಂಬರ್ 1075. ಬಿಳಿ ಹೊಗೆ ಬರ್ತಿದೆ, ಬೆಂಕಿ ಇಲ್ಲ. ಗಾಳಿ ಪೂರ್ವಕ್ಕೆ ಬೀಸ್ತಿದೆ. ಪಕ್ಕದಲ್ಲಿ ಹತ್ತು ಮನೆ, ಒಂದು ಶಾಲೆ ಇದೆ.’

ಇಪ್ಪತ್ತು ಸೆಕೆಂಡಿನ ಮಾತು. ಅವರು ಇಡಿ ಅನ್ನುವ ತನಕ ಫೋನ್ ಇಡಬೇಡಿ. ಆಮೇಲೆ ಇಬ್ಬರನ್ನು ರಸ್ತೆಯ ಎರಡೂ ಕಡೆ ದೂರ ನಿಲ್ಲಿಸಿ ವಾಹನ ತಡೆಯಿರಿ.

ಇವತ್ತೇ ಮಾಡಿಡಬಹುದಾದದ್ದು

ಮನೆಯವರೆಲ್ಲ ಸೇರುವ ಜಾಗ ಎರಡು ಗೊತ್ತುಮಾಡಿ, ರಸ್ತೆಯ ಆ ಕಡೆ ಒಂದು, ಈ ಕಡೆ ಒಂದು. ಒಂದೇ ಜಾಗ ಇದ್ದರೆ ಅವತ್ತು ಗಾಳಿ ಅತ್ತಲೇ ಬೀಸುತ್ತಿರುತ್ತದೆ. ನಡೆಯಲಾಗದ ಅಜ್ಜಿಯನ್ನು ಯಾರು ಎತ್ತಿಕೊಳ್ಳಬೇಕು ಅನ್ನುವುದನ್ನೂ ಈಗಲೇ ಹೆಸರು ಹಿಡಿದು ಹೇಳಿ. ಒಂದು ಚೀಲದಲ್ಲಿ ದಿನದ ಮಾತ್ರೆ, ಆಧಾರ್ ಮತ್ತು ಪಾಸ್‌ಬುಕ್ಕಿನ ಜೆರಾಕ್ಸ್, ಟವೆಲ್, ನೀರಿನ ಬಾಟಲಿ, ಸ್ವಲ್ಪ ನಗದು, ಟಾರ್ಚ್ ಹಾಕಿಡಿ. ಎಲ್‌ಪಿಜಿ ವಾಸನೆ ಇರುವ ಕಡೆ ಆ ಟಾರ್ಚ್ ಒತ್ತಬೇಡಿ.

ಮೊಬೈಲ್ ಸೆಟ್ಟಿಂಗ್‌ನಲ್ಲಿ ಎಮರ್ಜೆನ್ಸಿ ಅಲರ್ಟ್ ಆನ್ ಇದೆಯಾ ನೋಡಿ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲೆಲ್ಲ ಮೊಬೈಲ್‌ಗಳು ಒಟ್ಟಿಗೇ ಕೂಗಿಕೊಂಡದ್ದು ನೆನಪಿದೆಯಲ್ವಾ? ಅದೇ. ಸೈರನ್ ಏರಿಳಿತದಲ್ಲಿ ಕೂಗಿದರೆ ಅಪಾಯ, ಒಂದೇ ಸಮ ಉದ್ದಕ್ಕೆ ಕೂಗಿದರೆ ಅಪಾಯ ಮುಗಿದಿದೆ ಅಂತ. ಆದರೆ ಕಾರ್ಖಾನೆಗಳ ಸೈರನ್ ಕ್ರಮ ಬೇರೆ ಇರಬಹುದು, ನಿಮ್ಮ ಹತ್ತಿರದ ಕಾರ್ಖಾನೆಯದ್ದನ್ನು ಕೇಳಿ ತಿಳಿದುಕೊಳ್ಳಿ. ಕೈಗಾದಂಥ ಅಣುಸ್ಥಾವರದ ಸುತ್ತಲಿನವರಿಗೆ ಅಯೋಡಿನ್ ಮಾತ್ರೆ ಕೊಡುವ ವ್ಯವಸ್ಥೆ ಇರುತ್ತದೆ. ಅದನ್ನು ಅಧಿಕಾರಿಗಳು ಹೇಳಿದಾಗ ಮಾತ್ರ ನುಂಗಬೇಕು.

ಕೊನೆಗೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ. ‘ನಮ್ಮ ಹತ್ತಿರದ ಕಾರ್ಖಾನೆಯಲ್ಲಿ ಏನಿದೆ, ಸೋರಿದರೆ ನಾವೇನು ಮಾಡಬೇಕು?’ ಅಪಾಯಕಾರಿ ರಾಸಾಯನಿಕ ಹೆಚ್ಚು ಪ್ರಮಾಣದಲ್ಲಿ ಇಟ್ಟುಕೊಂಡ ಕಾರ್ಖಾನೆ ಸುತ್ತಲಿನ ಜನರಿಗೆ ಇದನ್ನು ಮೊದಲೇ ತಿಳಿಸಬೇಕು ಅಂತ 1989ರ ನಿಯಮಗಳೇ ಹೇಳುತ್ತವೆ. ಹೊರಗಿನವರ ರಕ್ಷಣೆಗೆ ಜಿಲ್ಲಾಡಳಿತದ ಹತ್ತಿರ ಒಂದು ಯೋಜನೆಯೂ ಇರಬೇಕು. ನಮ್ಮ ಪಂಚಾಯಿತಿಯಲ್ಲಿ ನಾನು ಕೇಳಿದಾಗ ಮೊದಲ ಸಲ ಎಲ್ಲರೂ ನಕ್ಕರು. ಎರಡನೇ ಸಲ ‘ಮುಂದಿನ ಸಭೆಗೆ ಅವರನ್ನೇ ಕರೆಸೋಣ’ ಅಂದರು. ಮೂರನೇ ಸಭೆಗೆ ಒಬ್ಬ ಸುರಕ್ಷತಾ ಅಧಿಕಾರಿ ಬಂದು ಕೂತರು. ಅವರನ್ನು ಮೊದಲು ಪ್ರಶ್ನೆ ಕೇಳಿದ್ದು, ಅವತ್ತು ಟ್ಯಾಂಕರ್ ಪಕ್ಕ ಬೀಡಿ ಹಚ್ಚಿದ್ದ ಅದೇ ಮನುಷ್ಯ.